ಒಂದು ಪ್ಲಗ್ ಪಾಯಿಂಟಿನ ರಗಳೆ

ನಮ್ಮ ಶೋರೂಮಿಗೆ ಬಂದವರು ಯಾರೂ ಮೊದಲು ಕಾರಿನ ಬಾಗಿಲು ತೆರೆಯುತ್ತಿರಲಿಲ್ಲ. ನೇರ ಹಿಂದೆ ಹೋಗಿ, ಬಗ್ಗಿ, ಸೈಲೆನ್ಸರ್ ಹುಡುಕುತ್ತಿದ್ದರು. ಇಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಮುಖ ನೋಡಿ ನಗುತ್ತಿದ್ದರು, ನಾನು ಏನೋ ಮೋಸ ಮಾಡಿ ಸಿಕ್ಕಿಬಿದ್ದವನ ಹಾಗೆ. ಆಮೇಲೆ ಪ್ರಶ್ನೆಗಳು ಶುರು. ಐದು ಜನ ಹಿಡಿಯುತ್ತಾರಾ? ಎಸಿ ಹಾಕಿದರೆ ಎಷ್ಟು ಓಡುತ್ತದೆ? ಬ್ಯಾಟರಿ ಸತ್ತರೆ ಯಾರು ಹೊಣೆ? ಹಳೆಯದಾದ ಮೇಲೆ ಇದನ್ನು ಯಾರು ಕೊಳ್ಳುತ್ತಾರೆ? ಇಷ್ಟಕ್ಕೆಲ್ಲ ಉತ್ತರ ಹೇಳಿ ನನ್ನ ಗಂಟಲು ಒಣಗಿದ ಮೇಲೆ ಕೊನೆಯ ಪ್ರಶ್ನೆ ಬರುತ್ತಿತ್ತು: "ಗಾಂವ್ ತಕ್ ಜಾಯೇಗೀ ಕ್ಯಾ?"

ಊರಿಗೆ ಹೋಗುತ್ತದಾ ಎಂದು. ಕಲ್ಯಾಣದವರಿಗೆ ಸಾತಾರ, ಡೊಂಬಿವಲಿಯವರಿಗೆ ರತ್ನಾಗಿರಿ, ನಮ್ಮವರಿಗೆ ಉಡುಪಿ, ಕುಂದಾಪುರ. ವರ್ಷವಿಡೀ ಕಟ್ಟಡದ ಕೆಳಗೆ ಕವರ್ ಹೊದ್ದು ಮಲಗಿರುವ ಕಾರಾದರೂ ಪರವಾಗಿಲ್ಲ, ಚೌತಿಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಒಮ್ಮೆ ಊರಿಗೆ ಹೋಗಲೇಬೇಕು. ದಿನಾ ಹತ್ತಿಪ್ಪತ್ತು ಕಿಲೋಮೀಟರ್ ಓಡಾಡುವುದಕ್ಕೆ ಇಷ್ಟು ಅಗ್ಗದ ಗಾಡಿ ಬೇರೆ ಇಲ್ಲ ಮಹಾರಾಯರೇ, ಊರಿಗೆ ಬಸ್ಸು ಉಂಟಲ್ಲ ಎಂದು ಕೂಗಿ ಹೇಳಬೇಕೆನಿಸುತ್ತಿತ್ತು. ಅಷ್ಟರಲ್ಲಿ ಅವರು ಕಾರಿನ ಚಿತ್ರವಿದ್ದ ಬಣ್ಣದ ಕಾಗದವೊಂದನ್ನು ಮಕ್ಕಳಿಗೆಂದು ಮಡಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಎರಡು ಕಾರ್ಖಾನೆಗಳ ನಡುವೆ ನಮ್ಮ ಡೀಲರ್‌ಶಿಪ್. ಮಾರುತ್ತಿದ್ದುದು ಬ್ಯಾಟರಿಯ ಪುಟ್ಟ ಕಾರು. ನಾನು ಸರ್ವಿಸ್ ಇಂಜಿನಿಯರ್. ಸೇಲ್ಸ್‌ನವರು ಒಬ್ಬೊಬ್ಬರಾಗಿ ಬಿಟ್ಟು ಹೋದ ಮೇಲೆ ಮಾಲೀಕರು ತೋರಿಸುವ, ಓಡಿಸುವ, ಮಾರುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದರು. ಬದಲಾಪುರದಿಂದ ದಿನಾ ರೈಲಿನಲ್ಲಿ ನೇತಾಡಿಕೊಂಡು ಬಂದು ಸಂಜೆಯವರೆಗೆ ಇಲ್ಲ, ಇಲ್ಲ, ಊರಿಗೆ ಹೋಗುವುದಿಲ್ಲ ಎಂದು ಹೇಳಿ ಮತ್ತೆ ನೇತಾಡಿಕೊಂಡು ಹೋಗುತ್ತಿದ್ದೆ.

ಆ ಹೆಂಗಸು ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ನಲವತ್ತರ ಆಸುಪಾಸು, ಪೋಲಿಯೋ ಬಡಿದ ಎಡಗಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್, ಕೈಯಲ್ಲಿ ಕೋಲು. ಬಾಗಿಲಲ್ಲೇ ನಿಂತು ಹಿಂದಿಯಲ್ಲಿ ಕೇಳಿದರು, "ಇಸ್‌ಮೇ ಪೆಡಲ್ ಕಿತ್ನೇ ಹೈ?"

ಎರಡು ಎಂದೆ. ಕ್ಲಚ್ ಇಲ್ಲ, ಗೇರ್ ಇಲ್ಲ. ಅವರು ಸೈಲೆನ್ಸರ್ ಹುಡುಕಲಿಲ್ಲ. ಬಾಗಿಲು ತೆರೆದು, ಕೈಯಿಂದ ಎಡಗಾಲನ್ನು ಎತ್ತಿ ಒಳಗಿಟ್ಟು ಕೂತರು. ಬಲಗಾಲನ್ನು ಬ್ರೇಕಿನಿಂದ ಎಕ್ಸಲರೇಟರಿಗೆ, ಎಕ್ಸಲರೇಟರಿನಿಂದ ಬ್ರೇಕಿಗೆ ಸರಿಸಿ ಸರಿಸಿ ನೋಡಿ, "ಇಷ್ಟೇಯಾ?" ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

"ನೀವು ಕನ್ನಡದವರಾ?"

"ಉಡುಪಿ ಕಡೆ. ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿ," ಎಂದರು. "ಏರಿನಲ್ಲಿ ನಿಲ್ಲಿಸಿದ್ರೆ ಹಿಂದೆ ಬರ್ತದಾ ಇದು?"

ಇಷ್ಟು ಕೆಲಸಕ್ಕೆ ಬರುವ ಪ್ರಶ್ನೆಯನ್ನು ಆ ಶೋರೂಮಿನಲ್ಲಿ ಯಾರೂ ಕೇಳಿರಲಿಲ್ಲ. ನನಗೆ ಹಸಿವು ಮರೆತೇ ಹೋಯಿತು. ಅವತ್ತೇ ಅವರನ್ನು ಅಕ್ಕ ಎಂದು ಕರೆಯಲು ಶುರು ಮಾಡಿದೆ.

ಅಕ್ಕ ನಮ್ಮ ಹಿಂದಿನ ಗಲ್ಲಿಯಲ್ಲಿದ್ದ ಯಂತ್ರಭಾಗಗಳ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ಡೊಂಬಿವಲಿಯಿಂದ ಥಾಣೆಗೆ ರೈಲಿನ ಅಂಗವಿಕಲರ ಡಬ್ಬಿ, ಅಲ್ಲಿಂದ ರಿಕ್ಷಾ, ಹೇಗೋ ನಡೆಯುತ್ತಿತ್ತು. ಈಗ ಮಳೆಗಾಲ ಮುಗಿಯುವುದರೊಳಗೆ ಕಾರ್ಖಾನೆ ಪೂರ್ತಿ ರಬಾಳೆಗೆ ಹೋಗುವುದಿತ್ತು. ರಬಾಳೆಗೆ ಹೋಗಬೇಕಾದರೆ ಥಾಣೆಯಲ್ಲಿ ಇಳಿದು, ಬ್ರಿಡ್ಜ್ ಹತ್ತಿ ಇಳಿದು, ಇನ್ನೊಂದು ಲೈನಿನ ಗಾಡಿ ಹಿಡಿಯಬೇಕು. ಒಂದು ದಿನ ಹೋಗಿ ನೋಡಿದ್ದರಂತೆ. ಬ್ರಿಡ್ಜಿನ ಮೆಟ್ಟಿಲಲ್ಲಿ ಬಿದ್ದು ಮೊಣಕೈ ಒಡೆದುಕೊಂಡಿದ್ದರು.

"ಯಾರೂ ನೂಕ್ಲಿಲ್ಲ," ಎಂದರು. "ಜನ ಹೋದ ಕಡೆ ನಾನೂ ಹೋದೆ. ಕಾಲು ಬರ್ಲಿಲ್ಲ, ಅಷ್ಟೇ. ಗೇರ್ ಇಲ್ಲದ ಪೆಟ್ರೋಲ್ ಕಾರು ನನ್ನ ಸಂಬಳಕ್ಕೆ ಆಗುದಿಲ್ಲ. ದಿನಾ ರಿಕ್ಷಾವೂ ಆಗುದಿಲ್ಲ. ಇದು ಆಯ್ತೋ, ಕೆಲಸ ಉಳೀತು. ಆಗ್ಲಿಲ್ವೋ, ಬಿಡ್ಬೇಕು."

ಪಕ್ಕದಲ್ಲಿ ಕೂತು ಓಡಿಸಲು ಕೊಟ್ಟೆ. ಹಿಂದೆ ಜೋಡುಚಕ್ರ ಕಟ್ಟಿಸಿದ ಸ್ಕೂಟರನ್ನು ಡೊಂಬಿವಲಿಯೊಳಗೆ ವರ್ಷಗಟ್ಟಲೆ ಓಡಿಸಿದವರಾದ್ದರಿಂದ ರಸ್ತೆಯ ಅಂದಾಜು ಚೆನ್ನಾಗಿತ್ತು. ವಾಗ್ಳೆ ಎಸ್ಟೇಟಿನ ಹೊಂಡಗಳ ನಡುವೆ ಒಂದು ಸುತ್ತು ಸಾಕು ಎಂದಿದ್ದೆ. ಅವರು ಕೇಳದೆ ಇನ್ನೊಂದು ಸುತ್ತು ಹೊಡೆದರು, ಮತ್ತೆ ಇನ್ನೊಂದು. ಅವರಿಗೆ ಕಾರಿನ ಲೈಸೆನ್ಸ್ ಕೊಡಿಸಲು ಆರ್‌ಟಿಓ ಕಚೇರಿಯಲ್ಲಿ ನಾವಿಬ್ಬರು ಪಟ್ಟ ಪಾಡು ಬೇರೆಯೇ ಕಥೆ. ನೆನೆದರೆ ಈಗಲೂ ರಕ್ತ ಕುದಿಯುವುದರಿಂದ ಅದನ್ನು ಬಿಡುತ್ತೇನೆ. ಅಂತೂ ಸಿಕ್ಕಿತು.

ಕಂಪನಿಯದ್ದೊಂದು ನಿಯಮವಿತ್ತು. ಗಿರಾಕಿ ಕಾರು ಎಲ್ಲಿ ಚಾರ್ಜ್ ಮಾಡುತ್ತಾರೋ ಆ ಜಾಗವನ್ನು ಸರ್ವಿಸ್ ಇಂಜಿನಿಯರ್ ಹೋಗಿ ನೋಡಿ, ಸರಿಯಾಗಿದೆ ಎಂದು ಸಹಿ ಹಾಕದೆ ಕಾರನ್ನು ಕೊಡುವ ಹಾಗಿಲ್ಲ. ಸೀಸದ ಬ್ಯಾಟರಿಗಳು, ಪೂರ್ತಿ ತುಂಬಲು ಎಂಟು ತಾಸು. ಹದಿನೈದು ಆಂಪಿಯರಿನ ಒಂದು ಪ್ಲಗ್ ಬೇಕು, ಅರ್ಥಿಂಗ್ ಸರಿಯಿರಬೇಕು, ಕರೆಂಟು ಸೋರಿದರೆ ತಾನಾಗಿ ಬಂದಾಗುವ ಸ್ವಿಚ್ ಇರಬೇಕು, ಮಳೆಯ ನೀರು ಸಿಡಿಯಬಾರದು. ಇಷ್ಟೇ. ಮನೆಯ ಗೀಸರಿಗೆ ಬೇಕಾದಷ್ಟೇ ವ್ಯವಸ್ಥೆ.

ಒಂದು ಭಾನುವಾರ ಡೊಂಬಿವಲಿ ಪೂರ್ವದಲ್ಲಿದ್ದ ಅವರ ಕಟ್ಟಡಕ್ಕೆ ಹೋದೆ. ನೋಡಿ ಖುಷಿಯೇ ಆಯಿತು. ಕಂಬಗಳ ಮೇಲೆ ನಿಂತ ಕಟ್ಟಡ, ಕೆಳಗೆ ಪಾರ್ಕಿಂಗ್, ಅಕ್ಕನ ಸ್ವಂತ ಜಾಗ ಗೋಡೆಯ ಪಕ್ಕಕ್ಕೇ. ಮೀಟರ್ ಕೋಣೆ ಮೆಟ್ಟಿಲ ಕೆಳಗೆ, ನೀರಿನ ಪಂಪಿನ ಪಕ್ಕ. ಅಕ್ಕನ ಮನೆಯ ಮೀಟರಿನಿಂದಲೇ ಕೇಬಲ್ ಎಳೆದು, ಪೈಪಿನೊಳಗೆ ಗೋಡೆಗುಂಟ ತಂದು, ಬೀಗ ಹಾಕುವ ಪೆಟ್ಟಿಗೆಯಲ್ಲಿ ಪ್ಲಗ್ ಕೂರಿಸಿದರೆ ಮುಗಿಯಿತು. ಬಿಲ್ಲು ಅವರ ಮನೆಯ ಬಿಲ್ಲಿಗೇ ಸೇರುತ್ತದೆ, ಕಟ್ಟಡದವರ ಸೊಸೈಟಿಗೆ ಒಂದು ಪೈಸೆಯ ಖರ್ಚಿಲ್ಲ. ಅರ್ಧ ದಿನದ ಕೆಲಸ ಅಕ್ಕ, ಚಹಾ ಮಾಡಿಡಿ ಎಂದು ದೊಡ್ಡದಾಗಿ ಹೇಳಿದೆ.

ಆದರೆ ಗೋಡೆ ಸೊಸೈಟಿಯದ್ದು. ಗೋಡೆಗೆ ಮೊಳೆ ಹೊಡೆಯಬೇಕಾದರೆ ಸೊಸೈಟಿಯ ಎನ್‌ಓಸಿ, ಅಂದರೆ ಅಡ್ಡಿಯಿಲ್ಲ ಎಂಬ ಪತ್ರ ಬೇಕು. ಸೆಕ್ರೆಟರಿಯವರು ಮರಾಠಿಯವರು, ರೈಲ್ವೆಯಿಂದ ನಿವೃತ್ತರಾದವರು. ಅರ್ಜಿಯನ್ನು ಎರಡೆರಡು ಸಲ ಓದಿ, "ಮಾಝಾ ಕಾಹೀ ಪ್ರಾಬ್ಲೆಮ್ ನಾಹೀ," ಎಂದರು. ತನ್ನದೇನೂ ಅಡ್ಡಿಯಿಲ್ಲ, ಚೇರ್ಮನ್ ಹೂಂ ಎಂದರೆ ಜನರಲ್ ಬಾಡಿ ಮೀಟಿಂಗಿನಲ್ಲಿ ಇಟ್ಟು ಪಾಸ್ ಮಾಡಿಬಿಡೋಣ ಎಂದರು. ಚೇರ್ಮನ್ ಯಾರು ಎಂದು ಕೇಳಿದೆ. ಸ್ಟೇಷನ್ ರಸ್ತೆಯಲ್ಲಿ ಹೋಟೆಲಿಟ್ಟುಕೊಂಡ ನಮ್ಮ ಊರ ಕಡೆಯವರೇ!

ನಾನು ಕುಣಿಯುವುದೊಂದು ಬಾಕಿ. ಅಕ್ಕ ಮಾತ್ರ ಸುಮ್ಮನಿದ್ದರು. "ಅರ್ಜಿ ಕೊಟ್ಟಾಯ್ತಲ್ಲ, ಮೀಟಿಂಗಿಗೆ ಬರ್ಲಿ. ಬೇರೆ ಯಾರ ಹತ್ರವೂ ಹೋಗುದು ಬೇಡ," ಎಂದರು. ಸಂಕೋಚದವರು, ಕೇಳಲು ಹಿಂಜರಿಯುತ್ತಾರೆ ಎಂದುಕೊಂಡೆ. ಪರದೇಶದಂಥ ಊರಿನಲ್ಲಿ ನಮ್ಮವರೊಬ್ಬರು ಮೇಲೆ ಕೂತಿರುವಾಗ ಹೋಗಿ ಒಂದು ಮಾತು ಹೇಳದಿರುವುದು ಎಂಥ ದಡ್ಡತನ! ನಾವೆಲ್ಲ ಈ ಕಡೆ ಬಂದು ನೆಲೆಯಾದದ್ದೇ ಹಾಗಲ್ಲವೇ? ನನಗೆ ಬದಲಾಪುರದ ಬಾಡಿಗೆ ಖೋಲಿ ಕೊಡಿಸಿದವರು ಊರಿನವರು, ಈ ಕೆಲಸದ ಸುಳಿವು ಕೊಟ್ಟವರು ಊರಿನವರು. ಅಕ್ಕನಿಗೆ ಹೇಳದೆ ಮರುದಿನ ಸಂಜೆ ಡೊಂಬಿವಲಿಯಲ್ಲಿ ಇಳಿದು ಹೋಟೆಲಿಗೆ ಹೋದೆ.

ಚೇರ್ಮನ್ ಸಾಹೇಬರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ತುಳುವಿನಲ್ಲಿ ಮಾತು ತೆಗೆದದ್ದೇ ತಡ ಮುಖ ಅರಳಿತು. ನನ್ನ ಮನೆ ಯಾವ ಕಡೆ, ತಂದೆ ಯಾರು, ತಾಯಿಯ ಕಡೆಯವರು ಯಾರು ಎಂದೆಲ್ಲ ಕೇಳಿ, ಮಸಾಲೆದೋಸೆ ತರಿಸಿ, ಎದುರಿಗೇ ಕೂತು ತಿನ್ನಿಸಿದರು. ವಿಷಯ ಹೇಳಿದೆ.

"ಎಂತ ಮಾರಾಯ, ಒಂದು ಪ್ಲಗ್ ಪಾಯಿಂಟಿಗೆ ಇಷ್ಟು ದೊಡ್ಡ ವಿಷಯವಾ?" ಎಂದು ಕನ್ನಡಕ್ಕೆ ಬಂದರು. "ನಮ್ಮ ಹೆಣ್ಣಲ್ವಾ ಅದು. ಪಾಪ, ಇಷ್ಟು ವರ್ಷದಿಂದ ನೋಡ್ತಿದ್ದೇನೆ. ನೀನು ತಲೆಬಿಸಿ ಮಾಡ್ಬೇಡ. ನಾನಿದ್ದೇನೆ."

ದೋಸೆಯ ಹಣ ತೆಗೆದುಕೊಳ್ಳಲಿಲ್ಲ. ನಾನು ವಾಪಸು ಬಂದು ಮಾಲೀಕರಿಗೆ ಒಂದು ಗಾಡಿ ಮಾರಿಹೋಯಿತು ಎಂದು ಹೇಳಿಬಿಟ್ಟೆ. ಅವರು ಆ ತಿಂಗಳ ಲೆಕ್ಕಕ್ಕೆ ಅದನ್ನು ಕಂಪನಿಗೂ ಹೇಳಿಬಿಟ್ಟರು.

ಮೀಟಿಂಗು ಕಟ್ಟಡದ ಗಚ್ಚಿಯ ಮೇಲೆ, ಅಂದರೆ ತಾರಸಿಯಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೇಜು, ಗಾಳಿಗೆ ಹಾರದ ಹಾಗೆ ಕಾಗದಗಳ ಮೇಲೆ ನೀರಿನ ಬಾಟಲಿ. ಅಕ್ಕ ಮೂರನೇ ಮಹಡಿಯಿಂದ ಗಚ್ಚಿಗೆ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ತಾಂತ್ರಿಕ ವಿಷಯ ವಿವರಿಸಲು ನನ್ನನ್ನೂ ಕರೆದಿದ್ದರು. ನಾನು ಸರ್ಕ್ಯೂಟಿನ ಚಿತ್ರ, ಸ್ವಿಚ್ಚಿನ ಸ್ಯಾಂಪಲ್, ಕೇಬಲಿನ ತುಂಡು ಎಲ್ಲ ಹಿಡಿದುಕೊಂಡು ಗಚ್ಚಿಯ ಬಾಗಿಲಲ್ಲಿ ಕಾಣಿಸಿಕೊಂಡೆ. ಚೇರ್ಮನ್ ಕುರ್ಚಿಯಿಂದ ಅರ್ಧ ಎದ್ದು, ಎಲ್ಲರಿಗೂ ಕೇಳುವ ಹಾಗೆ ತುಳುವಿನಲ್ಲಿ ಕರೆದರು, "ಬಲೆ, ಬಲೆ, ಕುಳ್ಳುಲೆ!"

ಬನ್ನಿ ಕೂತುಕೊಳ್ಳಿ ಎಂದಷ್ಟೇ ಅರ್ಥ. ಆದರೆ ಗಚ್ಚಿಯ ಮೇಲಿದ್ದ ತಲೆಗಳೆಲ್ಲ ಒಮ್ಮೆ ನನ್ನ ಕಡೆ, ಒಮ್ಮೆ ಅವರ ಕಡೆ, ಆಮೇಲೆ ಹಿಂದೆ ತಿರುಗಿ ಅಕ್ಕನ ಕಡೆ ನೋಡಿದವು. ಮೊದಲ ಮಹಡಿಯವರೊಬ್ಬರು ನಗುತ್ತಲೇ ಹೇಳಿದರು, "ಅಚ್ಛಾ, ಶೇಠ್ ಕೇ ಗಾಂವ್‌ವಾಲೇ ಹೈ!" ಓಹೋ, ಶೇಠರ ಊರಿನವರು ಎಂದು.

ಚೇರ್ಮನ್ ಮುಖದ ನಗು ಅಲ್ಲೇ ನಿಂತಿತು. "ಗಾಂವ್ ವಾಂವ್ ಕುಛ್ ನಹೀಂ. ರೂಲ್ ಸಬ್‌ಕೇ ಲಿಯೇ ಏಕ್," ಊರು ಗೀರು ಏನಿಲ್ಲ, ನಿಯಮ ಎಲ್ಲರಿಗೂ ಒಂದೇ ಎಂದು ಕುರ್ಚಿ ಎಳೆದು ನೆಟ್ಟಗೆ ಕೂತರು. ಆಮೇಲೆ ಮೀಟಿಂಗು ಮುಗಿಯುವವರೆಗೂ ಅವರು ನನ್ನ ಮುಖ ನೋಡಲಿಲ್ಲ.

ನಾನು ಶುರು ಮಾಡಿದೆ. ಅರ್ಧ ಹೇಳುವುದರೊಳಗೆ ಒಬ್ಬರು ಎದ್ದರು. "ಆಗ್ ಲಾಗ್ಲೀ ತರ್ ಕೋಣ್ ಜಬಾಬ್ದಾರ್?" ಬೆಂಕಿ ಹತ್ತಿದರೆ ಯಾರು ಹೊಣೆ? ಸ್ವಿಚ್ ತೋರಿಸಿ, ಸೋರಿಕೆಯಾದರೆ ಕಣ್ಣು ಮಿಟುಕಿಸುವುದರೊಳಗೆ ಬಂದಾಗುತ್ತದೆ ಎಂದೆ. ನಿಮ್ಮ ಮನೆಯ ಗೀಸರಿಗೆ ಇದೂ ಇರಲಿಕ್ಕಿಲ್ಲ ಎಂದೂ ಸೇರಿಸಿದೆ. ಅದನ್ನು ಸೇರಿಸಬಾರದಿತ್ತು. ಇನ್ನೊಬ್ಬರು, ನಾಳೆ ಎಲ್ಲರೂ ಕೇಳಿದರೆ ಗೋಡೆ ತುಂಬ ಪೈಪು ಎಂದರು. ಎಲ್ಲರೂ ಈ ಕಾರು ಕೊಳ್ಳುವ ಭಾಗ್ಯ ನಮ್ಮ ಮಾಲೀಕರಿಗಿದ್ದರೆ ನಾನೇಕೆ ಭಾನುವಾರ ಇಲ್ಲಿ ನಿಂತಿರುತ್ತಿದ್ದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಪಾರ್ಕಿಂಗೇ ಸಿಗದ ಮತ್ತೊಬ್ಬರು ಹತ್ತು ವರ್ಷದ ಹಳೆಯ ಪಾರ್ಕಿಂಗ್ ಜಗಳವನ್ನು ಬುಡದಿಂದ ಎತ್ತಿಕೊಂಡರು.

ಅಷ್ಟರಲ್ಲಿ ಕರೆಂಟು ಹೋಯಿತು. ಡೊಂಬಿವಲಿ ಕಲ್ಯಾಣದಲ್ಲೆಲ್ಲ ದಿನಕ್ಕೆ ಕೆಲವು ತಾಸು ಲೋಡ್‌ಶೆಡ್ಡಿಂಗ್ ಇದ್ದ ಕಾಲ. ಕೆಳಗೆ ಪಂಪು ನಿಂತಿತು. ಗಚ್ಚಿಯ ಟ್ಯಾಂಕಿಗೆ ಬೀಳುತ್ತಿದ್ದ ನೀರಿನ ಸದ್ದೂ ನಿಂತಿತು. ಹೆಂಗಸೊಬ್ಬರು ಎದ್ದು ನಿಂತು, "ನಮಗೇ ನೀರು ಏರಿಸ್ಲಿಕ್ಕೆ ಕರೆಂಟಿಲ್ಲ. ಕಾರಿಗೆ ಕುಡಿಸುದಾ?" ಎಂದು ಮರಾಠಿಯಲ್ಲಿ ಕೇಳಿದರು. ಚಪ್ಪಾಳೆ ಬಿತ್ತು. ಕಾರಿಗೆ ಕರೆಂಟು ಕೊಡದಿದ್ದರೆ ಲೋಡ್‌ಶೆಡ್ಡಿಂಗ್ ಕಡಿಮೆಯಾಗುತ್ತದಾ ತಾಯೀ ಎಂದು ಕೇಳಬೇಕಿತ್ತು. ಆ ಚಪ್ಪಾಳೆಯಲ್ಲಿ ಯಾರಿಗೆ ಹೇಳುವುದು?

ಅಕ್ಕ ಎದ್ದು ನಿಂತರು. ಮರಾಠಿಯಲ್ಲೇ, ದನಿ ಏರಿಸದೆ ಹೇಳಿದರು: ನನ್ನ ಮೀಟರು, ನನ್ನ ಬಿಲ್ಲು, ನನ್ನ ಪಾರ್ಕಿಂಗು. ನನಗೆ ಕೆಲಸಕ್ಕೆ ಹೋಗುವುದಿದೆ. ಗೋಡೆಯ ಮೇಲೆ ಒಂದು ಪೈಪಿಗೆ ಜಾಗ ಕೇಳುತ್ತಿದ್ದೇನೆ.

ಸೆಕ್ರೆಟರಿಯವರು ಮೃದುವಾದರು, ಕೆಲವರು ತಲೆ ಆಡಿಸಿದರು. ಆ ಗಳಿಗೆಯಲ್ಲಿ ಚೇರ್ಮನ್ ಒಂದು ಮಾತು ಆಡಿದ್ದರೆ ಪಾಸಾಗುತ್ತಿತ್ತು ಎಂದು ನಾನು ಈಗಲೂ ಪ್ರಮಾಣ ಮಾಡಿ ಹೇಳುತ್ತೇನೆ. ಅವರು ಆಡಿದರು. "ಬೇಡ ಅನ್ನುವವರು ಕೈ ಎತ್ತಿ," ಎಂದರು. ಎಲ್ಲರಿಗಿಂತ ಮೊದಲು ತಮ್ಮ ಕೈಯನ್ನೇ ಎತ್ತಿದರು.

ಕೆಳಗಿಳಿಯುವಾಗ ಮೆಟ್ಟಿಲ ತಿರುವಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದರು. "ಬೇಜಾರ್ ಮಾಡ್ಕೊಳ್ಬೇಡ. ನನ್ನ ಪರಿಸ್ಥಿತಿ ನೀನೇ ನೋಡಿದ್ಯಲ್ಲ? ನಮ್ಮವರು ಅಂತ ಆದ್ಮೇಲೆ ನಾನು ಹೇಗೆ ಹೂಂ ಅನ್ನುದು? ಬೇರೆ ಯಾರಾದ್ರೂ ಆಗಿದ್ರೆ ಆವಾಗ್ಲೇ ಪಾಸ್ ಮಾಡಿಸಿಬಿಡ್ತಿದ್ದೆ."

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ತಿಂದ ದೋಸೆ ಅಡ್ಡ ಬಂತೋ ಏನೋ.

ಅಕ್ಕನ ಮನೆಯಲ್ಲಿ ಚಹಾ ಸಿಗಲಿಲ್ಲ, ಬೈಗುಳ ಸಿಕ್ಕಿತು. "ಅವರ ಹೋಟೆಲಿಗೆ ಹೋಗಿದ್ರಾ ನೀವು?" ಎಂದು ಕೇಳಿದರು. ಹೌದು ಎಂದೆ. ಕೋಲನ್ನು ಗೋಡೆಗೆ ಒರಗಿಸಿ ಕೂತರು. "ಮೆಟ್ಟಿಲಿನ ಗೋಡೆಗೆ ಒಂದು ಹಿಡಿಕೆ ಪೈಪ್ ಹಾಕಿಸಿ ಅಂತ ಮೊದ್ಲೊಮ್ಮೆ ಕೇಳಿದ್ದೆ. ಆಗ್ಲೂ ಇವರೇ ಚೇರ್ಮನ್. ನಮ್ಮವರಿಗೆ ಮಾಡಿದ್ರೆ ಮಾತು ಬರ್ತದೆ ಅಂತ ಆಗ್ಲೂ ಮಾಡ್ಲಿಲ್ಲ. ಅದಕ್ಕೇ ನಿಮಗೆ ಬೇಡ ಅಂದದ್ದು. ಸೆಕ್ರೆಟರಿ ಪಾಪ ಒಳ್ಳೆಯವರು, ಹಾಗೇ ಸದ್ದಿಲ್ಲದೆ ಪಾಸ್ ಆಗಿಬಿಡ್ತಿತ್ತು."

ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ನಾನು ಲೋಕದ ಮೇಲೆಲ್ಲ ತೀರಿಸಿಕೊಂಡೆ. ಮುಂದಿನ ದಿನಗಳಲ್ಲಿ ಬೇರೆ ಪ್ಲಗ್ ಹುಡುಕುತ್ತ ಡೊಂಬಿವಲಿಯಲ್ಲೆಲ್ಲ ಅಲೆದೆ. ಗಿರಣಿಯವನು, ಮಸಾಲೆ ಅರೆಯುವ ಮೋಟರ್ ನಡೆಯುವಾಗ ಆಗದು ಎಂದ. ಗ್ಯಾರೇಜಿನವನು ಒಪ್ಪಿದ, ಆದರೆ ಅವನ ವೈರಿಂಗ್ ನೋಡಿ ನಾನು ಒಪ್ಪಲಿಲ್ಲ, ಅರ್ಥಿಂಗ್ ಎಂದರೆ ಏನೆಂದು ಅವನಿಗೆ ತಿಳಿಸುವಷ್ಟರಲ್ಲಿ ಸಾಕಾಯಿತು. ಕರೆಂಟಿನ ಕಚೇರಿಯವರು ಸೊಸೈಟಿಯ ಎನ್‌ಓಸಿ ತನ್ನಿ ಎಂದರು. ಇದರ ನಡುವೆ ಒಂದು ಸಂಜೆ ಚೇರ್ಮನ್ ಫೋನು. ಅವರ ದನಿಯಲ್ಲಿ ನಿಜವಾಗಿಯೂ ಸಂಕಟವಿತ್ತು. ಸೊಸೈಟಿಯಲ್ಲಿ ಆಗಲಿಕ್ಕಿಲ್ಲ, ಹೋಟೆಲಿನ ಹಿಂದೆ ನನ್ನದೇ ಜಾಗವಿದೆ, ಗ್ರೈಂಡರಿನ ಪ್ಲಗ್ ಇದೆ, ರಾತ್ರಿ ಅಲ್ಲಿ ಹಾಕಿಕೊಳ್ಳಲಿ, ಹಣವೂ ಬೇಡ, ಯಾರಿಗೂ ಹೇಳುವುದು ಬೇಡ ಎಂದರು. ನಾನು ಆ ಪ್ಲಗ್ ನೋಡಿ, ಅಲ್ಲಿಂದ ಹಾರಿಕೊಂಡು ಹೋಗಿ ಅಕ್ಕನಿಗೆ ಹೇಳಿದೆ.

"ಬೇಡ," ಎಂದರು.

"ಅಕ್ಕ, ಪ್ಲಗ್ ಒಳ್ಳೇದುಂಟು. ನಾನೇ ನೋಡಿ ಬಂದೆ."

"ಪ್ಲಗ್ ಒಳ್ಳೇದೇ ಇರ್ಬಹುದು. ನಾನು ಯಾಕೆ ಕಾರು ತಕೊಳ್ಳುದು ಗೊತ್ತುಂಟಾ? ಹುಟ್ಟಿದಾಗಿನಿಂದ ಒಬ್ಬರಲ್ಲ ಒಬ್ಬರ ಕೈ ಹಿಡಿದೇ ಹತ್ತಿದ್ದು, ಇಳಿದದ್ದು. ಇನ್ನು ದಿನಾ ರಾತ್ರಿ ಅವರ ಹೋಟೆಲಿನ ಹಿಂದೆ ಹೋಗಿ, ಪ್ಲಗ್ ಖಾಲಿ ಉಂಟಾ ಅಂತ ಕೇಳ್ಬೇಕಾ? ಅದೂ ಕದ್ದು? ಹಾಗಾದ್ರೆ ಕಾರು ಯಾಕೆ ನನಗೆ?"

ನನಗೆ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು ಸಿಕ್ಕಿದ ಒಂದೇ ಪ್ಲಗ್ ಅನ್ನು ಹೀಗೆ ಒದೆಯುವುದಾ ಎಂದು. ಅದು ಅವರ ಹಟವಲ್ಲ, ಅವರು ಕೊಳ್ಳಲು ಬಂದ ವಸ್ತುವೇ ಅದು ಎಂದು ತಿಳಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಊರಿಗೆ ಹೋಗುತ್ತದಾ ಎಂದು ಕೇಳುತ್ತಿದ್ದವರಿಗೂ ಹೆಚ್ಚುಕಡಿಮೆ ಅದೇ ಬೇಕಿದ್ದಿರಬಹುದು. ಚೌತಿಯ ಬಸ್ಸಿನ ಟಿಕೇಟಿಗೆ ಯಾರ ಕೈಕಾಲೂ ಹಿಡಿಯದೆ ಹೊರಡುವುದು.

ಅಕ್ಕ ತಾವೇ ಒಂದು ದಾರಿ ತಂದರು. ರಬಾಳೆಯ ಹೊಸ ಕಾರ್ಖಾನೆಯ ಮ್ಯಾನೇಜರರ ಹತ್ತಿರ ಮಾತಾಡಿ, ಕಂಪ್ರೆಸರ್ ಶೆಡ್ಡಿನ ಪಕ್ಕ ಒಂದು ಪ್ಲಗ್ ಕೇಳಿದ್ದರು. ಕರೆಂಟಿನ ಹಣ ಸಂಬಳದಲ್ಲಿ ಹಿಡಿದುಕೊಳ್ಳಿ ಎಂದು ಬರೆದುಕೊಟ್ಟಿದ್ದರು. ಅವರು ಹೂಂ ಎಂದಿದ್ದರು. ನಾನು ಹೋಗಿ ನೋಡಿದೆ. ಅರ್ಥಿಂಗ್, ವೋಲ್ಟೇಜ್ ಎಲ್ಲ ಬಂಗಾರದಂತಿತ್ತು. ಹಗಲೆಲ್ಲ ಅಲ್ಲಿ ಚಾರ್ಜ್, ಸಂಜೆ ಮನೆಗೆ, ರಾತ್ರಿ ಚಾರ್ಜ್ ಇಲ್ಲ, ಬೆಳಿಗ್ಗೆ ಉಳಿದ ಬ್ಯಾಟರಿಯಲ್ಲಿ ಮತ್ತೆ ರಬಾಳೆಗೆ. ಒಂದು ಚಾರ್ಜಿನಲ್ಲಿ ಹೋಗಿ ಬರುವ ಎರಡೂ ದಾರಿ ಮುಗಿಯಬೇಕು, ಸುಮಾರು ನಲವತ್ತೈದು ಕಿಲೋಮೀಟರು.

ಕಂಪನಿಯ ಪುಸ್ತಕದ ಪ್ರಕಾರ ಎಂಬತ್ತು ಓಡುತ್ತದೆ. ಪುಸ್ತಕ ಬರೆದವರು ಆ ದಾರಿಯಲ್ಲಿ ಸಿಗುವ ಶೀಲ್‌ಫಾಟಾದ ಕೂಡುರಸ್ತೆ ನೋಡಿದವರಲ್ಲ. ಡೆಮೋ ಕಾರನ್ನು ರಬಾಳೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ಆ ದಾರಿಯಲ್ಲಿ ನಾನೇ ಓಡಿಸಿದೆ. ಮಳೆ, ವೈಪರ್, ಹೆಡ್‌ಲೈಟು, ಗಾಜಿನ ಮಂಜು ತೆಗೆಯಲು ಬ್ಲೋವರ್. ಸಂಜೆ ಶೀಲ್‌ಫಾಟಾದಲ್ಲಿ ಕಂಟೇನರ್ ಲಾರಿಗಳ ನಡುವೆ ತೆವಳುತ್ತ ಡೊಂಬಿವಲಿ ಮುಟ್ಟಿದೆ. ಮರುದಿನ ಬೆಳಿಗ್ಗೆ ಅದೇ ಬ್ಯಾಟರಿಯಲ್ಲಿ ವಾಪಸು ಹೊರಟೆ. ಶೀಲ್‌ಫಾಟಾ ದಾಟಿ ಮಹಾಪೆಯ ಕಡೆಗೆ ಗುಡ್ಡದ ಏರು ಶುರುವಾಗುತ್ತದಲ್ಲ, ಅಲ್ಲಿ ಮುಳ್ಳು ಕೆಂಪಿಗೆ ಬಂತು. ಕಾರು ನಡೆಯುವ ಮನುಷ್ಯನ ವೇಗಕ್ಕೆ ಇಳಿಯಿತು. ಹಿಂದೆ ಲಾರಿಗಳ ಹಾರನ್ನು. ಉಸಿರು ಹಿಡಿದುಕೊಂಡು ಏರು ಮುಗಿಸಿ, ಆಮೇಲೆ ಇಳಿಜಾರಿನಲ್ಲಿ ಹೇಗೋ ರಬಾಳೆ ಮುಟ್ಟಿದೆ. ಹೊಸ ಬ್ಯಾಟರಿಯಲ್ಲಿ ಈ ಗತಿ. ಹಳೆಯದಾದರೆ? ಒಂದು ದಿನ ಚಾರ್ಜ್ ಅರ್ಧ ಆದರೆ? ಆ ಏರಿನಲ್ಲಿ ನಿಂತರೆ ನಾನು ಇಳಿದು ನೂಕಬಲ್ಲೆ.

ಸಹಿ ಹಾಕುವುದಿಲ್ಲ ಎಂದು ತೀರ್ಮಾನಿಸಿದೆ. ಮಾಲೀಕರು ಕೂಗಾಡಿದರು. ಕಂಪನಿಗೆ ಹೇಳಿಯಾಗಿದೆ, ಗಿರಾಕಿಗೇ ಬೇಕು ಅನ್ನುವಾಗ ನಿನ್ನದೇನು, ನೀನು ಇಂಜಿನಿಯರಾ ಅವಳ ಅಪ್ಪನಾ ಎಂದರು. ಕೆಲಸ ಬಿಡುತ್ತೇನೆ ಬೇಕಾದರೆ ಎಂದು ನಾನೂ ಕೂಗಿದೆ. ಏನೋ ದೊಡ್ಡ ನ್ಯಾಯ ಎತ್ತಿ ಹಿಡಿದವನ ಗತ್ತಿನಲ್ಲಿ ಅಕ್ಕನನ್ನು ಕರೆದು, ಮಹಾಪೆಯ ಏರಿನ ವಿಷಯ ಹೇಳಿ, ಈ ಕಾರು ನಿಮಗೆ ಬೇಡ ಎಂದೆ.

ಅವರು ಪೂರ್ತಿ ಕೇಳಿಸಿಕೊಂಡರು. ಮುಳ್ಳು ಎಲ್ಲಿ ಕೆಂಪಿಗೆ ಬಂತು, ಬ್ಲೋವರ್ ಬಂದ್ ಮಾಡಿದರೆ ಎಷ್ಟು ಉಳಿಯುತ್ತದೆ, ಬೆಳಿಗ್ಗೆ ಬೇಗ ಹೊರಟರೆ ಶೀಲ್‌ಫಾಟಾ ಖಾಲಿ ಸಿಗುವುದಿಲ್ಲವೇ ಎಂದೆಲ್ಲ ಕೇಳಿದರು. ಎಲ್ಲಕ್ಕೂ ಉತ್ತರ ಹೇಳಿದೆ.

"ನಿಂತ್ರೆ ಯಾರು ನಿಲ್ಲುದು?" ಎಂದು ಕೊನೆಗೆ ಕೇಳಿದರು.

"ಅಂದ್ರೆ?"

"ಏರಿನಲ್ಲಿ ಕಾರು ನಿಂತ್ರೆ, ಅಲ್ಲಿ ನಿಲ್ಲುದು ನೀವಾ, ನಾನಾ?"

"ನೀವೇ. ಅದಕ್ಕೇ ಹೇಳುದು ನಾನು..."

"ಮತ್ತೆ ಬೇಡ ಅಂತ ನೀವು ಹೇಗೆ ಹೇಳುದು? ಚೇರ್ಮನ್ನರೂ ನಮ್ಮವರು ಅಂತಲೇ ಕೈ ಎತ್ತಿದ್ದು. ನೀವೂ ಎತ್ತಿ, ಆಯ್ತಲ್ಲ."

ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಆ ಮನುಷ್ಯನನ್ನು ತಿಂಗಳಿಂದ ಮನಸ್ಸಿನಲ್ಲೇ ಬೈಯುತ್ತ ಬಂದವನು ನಾನು. ನನ್ನನ್ನು ಅವರ ಪಕ್ಕದ ಕುರ್ಚಿಯಲ್ಲೇ ಕೂರಿಸಿಬಿಟ್ಟರಲ್ಲ ಎಂದು ತುಂಬ ನೊಂದುಕೊಂಡೆ. ಆದರೆ ಅವರು ಹೇಳಿದ್ದು ಸರಿಯೇ. ಅವರ ಕೆಲಸ, ಅವರ ಹಣ, ಅವರ ರಸ್ತೆ. ನಾನು ನೋಡಬೇಕಾದದ್ದು ಪ್ಲಗ್ ಸರಿಯಿದೆಯೇ ಎಂದು ಮಾತ್ರ. ರಬಾಳೆಯ ಪ್ಲಗ್ ಸರಿಯಾಗಿಯೇ ಇತ್ತು. ಸಹಿ ಹಾಕಿದೆ.

ಕಾರ್ಖಾನೆ ರಬಾಳೆಗೆ ಹೋಯಿತು, ಕಾರೂ ಹೋಯಿತು. ಮೊದಮೊದಲು ದಿನಾ ಬೆಳಿಗ್ಗೆ ನಾನು ರೈಲಿನಲ್ಲಿ ನೇತಾಡುತ್ತ ಗಡಿಯಾರ ನೋಡುತ್ತಿದ್ದೆ, ಈಗ ಏರಿನಲ್ಲಿರಬಹುದು, ಈಗ ಇಳಿದಿರಬಹುದು ಎಂದು. ಫೋನು ಮಾಡಿದರೆ, ಓಡಿಸುವಾಗ ಮಾಡಬೇಡಿ ಎಂದು ಬೈದರು. ಮಳೆಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ, ನನ್ನ ರೈಲು ಕಲ್ಯಾಣ ಬಿಟ್ಟ ಹೊತ್ತಿಗೆ ಅವರೇ ಫೋನು ಮಾಡಿದರು.

"ನಿಂತಿದೆ," ಎಂದರು. "ನಿನ್ನೆ ಮಧ್ಯಾಹ್ನ ಕಾರ್ಖಾನೆಯ ಲೈನ್ ಫಾಲ್ಟ್ ಆಗಿತ್ತು, ಪೂರ್ತಿ ಚಾರ್ಜ್ ಆಗ್ಲಿಲ್ಲ. ಸಾಕಾದೀತು ಅಂತ ಲೆಕ್ಕ ಹಾಕಿದ್ದೆ. ಸ್ವಲ್ಪಕ್ಕೆ ತಪ್ಪಿತು. ನೀವು ಬರುದು ಬೇಡ. ಒಂದು ಕೇಳ್ಬೇಕಿತ್ತು. ಎಲ್ಲ ಬಂದ್ ಮಾಡಿ ಸುಮ್ಮನೆ ಕೂತ್ರೆ ಬ್ಯಾಟರಿ ಸ್ವಲ್ಪ ಚೇತರಿಸ್ಕೊಳ್ತದಾ?"

"ಚೇತರಿಸ್ಕೊಳ್ತದೆ. ಲೈಟು, ಫ್ಯಾನು, ರೇಡಿಯೋ ಎಲ್ಲ ಬಂದ್ ಮಾಡಿ. ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು ಮುಟ್ಟಬೇಡಿ. ನಾನು ಬರ್ತೇನೆ."

"ಬೇಡ ಅಂದೆನಲ್ಲ," ಎಂದು ಇಟ್ಟುಬಿಟ್ಟರು.

ಡೊಂಬಿವಲಿಯಲ್ಲಿ ಜನರನ್ನು ಸೀಳಿಕೊಂಡು ಇಳಿದೆ. ರಿಕ್ಷಾದವನನ್ನು ಗೋಗರೆದು ಶೀಲ್‌ಫಾಟಾ ದಾಟಿಸಿಕೊಂಡು ಹೋದರೆ, ಏರು ಶುರುವಾಗುವಲ್ಲೇ ಅವನು ನಿಂತ. ಇದಕ್ಕಿಂತ ಮುಂದೆ ಬರುವುದಿಲ್ಲ, ವಾಪಸಿಗೆ ಸವಾರಿ ಸಿಗುವುದಿಲ್ಲ ಎಂದು ನನ್ನನ್ನು ಇಳಿಸಿ ತಿರುಗಿಸಿಕೊಂಡು ಹೋದ. ಮಳೆಯಲ್ಲಿ ಏರು ಹತ್ತಿದೆ. ಕಾರು ಕಾಣಿಸಿತು. ಗುಡ್ಡದ ನೆತ್ತಿಗೆ ಇನ್ನು ಸ್ವಲ್ಪವೇ ಇರುವಲ್ಲಿ, ಎಡಗಡೆಯ ಅಂಚಿಗೆ ನಿಂತಿತ್ತು. ಲಾರಿಗಳು ಬೈದುಕೊಂಡು ಸುತ್ತಿ ಹೋಗುತ್ತಿದ್ದವು. ಒಳಗೆ ಅಕ್ಕ ಸೀಟಿಗೆ ಒರಗಿ, ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು, ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದರು. ಗಾಜು ತಟ್ಟಿದೆ. ಒಂದಿಷ್ಟು ಇಳಿಸಿದರು.

"ನೂಕ್ತೇನೆ ಅಕ್ಕ."

"ನೂಕುದು ಬೇಡ. ಕಾಲು ಜಾರಿ ಲಾರಿಯ ಕೆಳಗೆ ಹೋಗ್ತೀರಿ. ಬಂದದ್ದು ಬಂದಿರಿ, ಹಿಂದೆ ನಿಂತು ಲಾರಿಯವರನ್ನು ಆ ಕಡೆ ಕಳಿಸಿ. ಅಷ್ಟು ಸಾಕು."

ಹಿಂದೆ ಹೋಗಿ ಕರ್ಚೀಫು ಬೀಸುತ್ತ ನಿಂತೆ. ಪ್ಯಾಂಟು ಮೊಣಕಾಲವರೆಗೆ ಕೆಸರು. ನನಗೆ ಎಲ್ಲದರ ಮೇಲೂ ಸಿಟ್ಟು ಬರುತ್ತಿತ್ತು. ಸೀಸದ ಬ್ಯಾಟರಿಯ ಮೇಲೆ, ಪುಸ್ತಕ ಬರೆದವರ ಮೇಲೆ, ಗಚ್ಚಿಯ ಮೇಲೆ ಎತ್ತಿದ ಅಷ್ಟೂ ಕೈಗಳ ಮೇಲೆ. ಅರ್ಧ ದಿನದ ಕೆಲಸ. ಒಂದು ಪೈಪು, ಒಂದು ಪ್ಲಗ್.

ಎಷ್ಟು ಹೊತ್ತಾಯಿತೋ. ಹಿಂದಿನಿಂದ ಸಣ್ಣ ಗುಂಯ್ ಎಂಬ ಸದ್ದು ಕೇಳಿಸಿತು. ತಿರುಗಿ ನೋಡಿದೆ. ಕಾರು ಹೊರಟಿತ್ತು. ನಡೆಯುವ ವೇಗ, ಅದಕ್ಕಿಂತ ಸ್ವಲ್ಪ ಹೆಚ್ಚು. ನನಗರಿವಿಲ್ಲದೆ ಅದರ ಹಿಂದೆಯೇ ಓಡತೊಡಗಿದೆ, ಹೋಗು, ಹೋಗು ಎಂದು ಕೂಗುತ್ತ. ನೆತ್ತಿ ಮುಟ್ಟಿತು, ಒಂದು ಕ್ಷಣ ನಿಂತ ಹಾಗೆ ಕಂಡಿತು, ಆಮೇಲೆ ರಬಾಳೆಯ ಕಡೆಯ ಇಳಿಜಾರಿಗೆ ಬಿತ್ತು. ನಾನು ಏದುಸಿರು ಬಿಡುತ್ತ ನೆತ್ತಿಯ ಮೇಲೆ ನಿಂತು ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ಸುತ್ತ ಒಂದು ರಿಕ್ಷಾ ಇಲ್ಲ, ಬಸ್ ಸ್ಟಾಪಿಲ್ಲ, ಮಳೆ ಜೋರಾಗಿತ್ತು, ಮಹಾಪೆಯವರೆಗೂ ನಡೆದೇ ಹೋಗಬೇಕಿತ್ತು. ನನ್ನನ್ನು ಹತ್ತಿಸಿಕೊಳ್ಳಲು ಅಕ್ಕ ಕಾರು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ನಾನೇ ಬೈಯುತ್ತಿದ್ದೆ.